ತೂಕ ಜಾಸ್ತಿ ಇದ್ದರೇನಂತೆ, ಇ-ಸ್ಕೂಟರ್ ಏರಿ!

ಮಗಳನ್ನು ಶಾಲೆಗೆ ಬಿಡಬೇಕು, ಬರುವಾಗ ತರಕಾರಿ ತರಬೇಕು. ಮಾರತ್ತಹಳ್ಳಿಯ ಟ್ರಾಫಿಕ್ಕಿಗೆ ಇ-ಸ್ಕೂಟರ್ ಹೇಳಿ ಮಾಡಿಸಿದ ಹಾಗಿದೆ. ಆದರೆ 'ನನ್ನ ಭಾರ ತಡೆಯುತ್ತಾ?' ಎಂದು ಶೋರೂಮಿನಲ್ಲಿ ಕೇಳಲು ಸಂಕೋಚವೇ? ಸಂಕೋಚ ಬಿಡಿ, ಲೆಕ್ಕ ಹಾಕಿ.

* ಗಾಡಿಯ ಸ್ವಂತ ತೂಕ, ಹೊರೆ ಸೇರಿದ ಗರಿಷ್ಠ ತೂಕ ಎರಡನ್ನೂ ಕೇಳಿ ಬರೆದುಕೊಳ್ಳಿ. ಗರಿಷ್ಠದಲ್ಲಿ ಸ್ವಂತ ತೂಕ ಕಳೆದರೆ ಉಳಿಯುವುದೇ ಅದು ಹೊರಬಲ್ಲ ಭಾರ. ನೀವು 90 ಕೆ.ಜಿ., ಮಗಳು 30, ಚೀಲ 10 ಅಂದರೆ 130 ಆಯಿತು. ಗಾಡಿ ಹೊರುವ ಭಾರ ಇದಕ್ಕಿಂತ ಹೆಚ್ಚಿರಲಿ.

* ಲೈಸೆನ್ಸ್, ನೋಂದಣಿ ಬೇಡದ ಗಾಡಿ ಅಗ್ಗ, ನಿಜ. ಆದರೆ ಅದರ ಮೋಟಾರ್ 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ಮೀರುವಂತಿಲ್ಲ. ಇಬ್ಬರು ಕೂತು ಫ್ಲೈಓವರ್ ಏರಿದರೆ ಏದುಸಿರು ಬಿಡುತ್ತದೆ. ನಿಮಗೆ ನೋಂದಣಿಯ ಗಾಡಿಯೇ ವಾಸಿ.

* ಖಾಲಿ ರಸ್ತೆಯಲ್ಲಿ ಒಂದು ಸುತ್ತು ಸಾಲದು. ಮನೆಯವರನ್ನು ಹಿಂದೆ ಕೂರಿಸಿಕೊಂಡು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ. ಹಂಪಿನಲ್ಲಿ ತಳ ಉಜ್ಜಿದರೆ, ಬ್ರೇಕ್ ತಡವಾಗಿ ಹಿಡಿದರೆ ಬೇಡ ಎನ್ನಿ.

* ಭಾರ ಹೆಚ್ಚಿದಷ್ಟೂ ಚಾರ್ಜ್ ಬೇಗ ಇಳಿಯುತ್ತದೆ. ಕಂಪನಿ ಹೇಳುವ ಮೈಲೇಜು ನಿಮ್ಮ ದಿನದ ಓಡಾಟದ ಎರಡರಷ್ಟಾದರೂ ಇರಲಿ.

* ಹಿಂದೆ ಒಬ್ಬರು ಕೂರುವಾಗ ಟೈರಿಗೆ ಎಷ್ಟು ಗಾಳಿ, ಹಿಂದಿನ ಶಾಕ್ ಅಬ್ಸಾರ್ಬರ್ ಬಿಗಿ ಮಾಡಬಹುದೇ, ಕೇಳಿ ತಿಳಿದುಕೊಳ್ಳಿ.

ತೂಕ ಇಳಿಸುವುದು, ಬಿಡುವುದು ನಿಮ್ಮಿಷ್ಟ. ಗಾಡಿ ಮಾತ್ರ ಇವತ್ತಿನ ತೂಕಕ್ಕೆ ತಕ್ಕಂತಿರಲಿ. ಹಾಂ, ಮಗಳಿಗೂ ಒಂದು ಹೆಲ್ಮೆಟ್ ಕೊಳ್ಳಲು ಮರೆಯದಿರಿ!