ಮರಿಹಾವಿನ ತುತ್ತು

ವಿಜಯಪುರ ಸೀಮೆಯ ಎರೆಭೂಮಿಯಲ್ಲಿ, ಅದರಲ್ಲಿಯೂ ಡೋಣಿ ನದಿಯ ಇಕ್ಕೆಲದ ಬಬಲೇಶ್ವರದ ಜೋಳದ ಹೊಲಗಳಲ್ಲಿ ಮತ್ತು ತಿಕೋಟೆಯ ದ್ರಾಕ್ಷಿ ಪಡಗಳಲ್ಲಿ, ಬೇಸಗೆಯ ಬಿಸಿಲಿಗೆ ನೆಲವು ಬಿರಿದು ಬಾಯ್ದೆರೆದಿರುವಾಗ, ಆ ಬಿರುಕುಗಳೂ ಇಲಿಯ ಬಿಲಗಳೂ ಹಳೆಯ ಹುತ್ತಗಳೂ ಹಾವುಗಳಿಗೆ ಆಶ್ರಯಸ್ಥಾನಗಳಾಗುವುವು. ಅಂತಹ ತಾವುಗಳಲ್ಲಿ ಹೆಣ್ಣು ನಾಗರವು 12ರಿಂದ 30ರವರೆಗೆ ಮೊಟ್ಟೆಗಳನ್ನಿಡುವುದು. ಸುಮಾರು ಎರಡು ತಿಂಗಳು ಕಳೆದ ಮೇಲೆ, ಅಂದರೆ ಮುಂಗಾರು ನೆಲೆಗೊಂಡು ಊರಿನಲ್ಲಿ ಪಂಚಮಿಯ ಉಂಡಿ ಕಟ್ಟುವ, ಜೋಕಾಲಿ ಜೀಕುವ ಸಂಭ್ರಮದ ಆಸುಪಾಸಿನಲ್ಲಿ, ಗೇಣುದ್ದಕ್ಕಿಂತ ತುಸು ಮಿಗಿಲಾದ ಮರಿಗಳು, ಹುಟ್ಟಿನಿಂದಲೇ ವಿಷವುಳ್ಳವುಗಳಾಗಿ, ಹೊರಬರುವುವು.

ಅದೇ ಕಾಲದಲ್ಲಿ ನಾವು ಹುತ್ತಕ್ಕೆ ಹಾಲೆರೆಯುತ್ತೇವೆ. ಭಕ್ತಿಯನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಆದರೆ ಹಾಲು ಹಾವಿನ ಆಹಾರವಲ್ಲವೆಂಬುದೂ, ಬುಟ್ಟಿಯಲ್ಲಿ ದಿನಗಟ್ಟಲೆ ನೀರಿಲ್ಲದೆ ಬಳಲಿದ ನಾಗರವು ಎದುರಿಗಿಟ್ಟ ಯಾವ ದ್ರವವನ್ನಾದರೂ ಹೀರುವುದು ದಾಹದಿಂದಲೇ ಹೊರತು ಪ್ರಸಾದಬುದ್ಧಿಯಿಂದಲ್ಲವೆಂಬುದೂ ನಿಸ್ಸಂದೇಹವಾದ ಸಂಗತಿಗಳು. ಹೊಸದಾಗಿ ಹುಟ್ಟಿದ ಮರಿಗಂತೂ ಕೆಲವು ದಿವಸ ಏನೂ ಬೇಡ. ಮೊಟ್ಟೆಯ ಭಂಡಾರದ ಶೇಷಾಂಶವು ಅದರ ಹೊಟ್ಟೆಯಲ್ಲಿಯೇ ಇರುವುದರಿಂದ, ಮೊದಲನೆಯ ಪೊರೆ ಕಳಚುವವರೆಗೆ ಅದು ಸಾಮಾನ್ಯವಾಗಿ ಬೇಟೆಯ ಗೊಡವೆಗೆ ಹೋಗದು. ಆಮೇಲೆ ಮಳೆನೀರು ನಿಂತ ಗುಂಡಿಗಳ ಕಿರುಗಪ್ಪೆಗಳೂ ಸಣ್ಣ ಹಲ್ಲಿಗಳೂ ಅದಕ್ಕೆ ತಕ್ಕ ತುತ್ತುಗಳು.

ತಕ್ಕ ತುತ್ತು ಎಂದರೆ ಎಷ್ಟು? ಹಾವಿಗೆ ಅಗಿಯುವ ಹಲ್ಲುಗಳಿಲ್ಲ. ಇರುವವು ಹಿಂದಕ್ಕೆ ಬಾಗಿದ, ಹಿಡಿದದ್ದನ್ನು ಬಿಡದ ಮುಳ್ಳುಗಳು. ಕೆಳದವಡೆಯ ಎರಡು ಎಲುಬುಗಳು ಗದ್ದದಲ್ಲಿ ಒಂದಾಗಿ ಬೆಸೆದುಕೊಳ್ಳದೆ, ಹಿಗ್ಗಬಲ್ಲ ತಂತುವಿನಿಂದ ಮಾತ್ರ ಕೂಡಿಕೊಂಡಿರುವುದರಿಂದ, ಒಮ್ಮೆ ಬಲಮಗ್ಗುಲು ಒಮ್ಮೆ ಎಡಮಗ್ಗುಲು ಮುಂದೆ ಸರಿಯುತ್ತ, ತಲೆಯೇ ಬೇಟೆಯ ಮೇಲೆ ಹೆಜ್ಜೆಯಿಟ್ಟು ನಡೆದುಹೋಗುವ ಪರಿಯಲ್ಲಿ ಅದು ನುಂಗುವುದು. ಆದುದರಿಂದ ತಲೆಯ ಗಾತ್ರವನ್ನು ನೋಡಿ ತುತ್ತಿನ ಪ್ರಮಾಣವನ್ನು ನಿರ್ಣಯಿಸುವವನು ಮೋಸಹೋಗುವನು. ನೋಡಬೇಕಾದುದು ಮೈಯ ಅತ್ಯಂತ ದಪ್ಪನಾದ ನಡುಭಾಗವನ್ನು: ಬೇಟೆಯ ದಪ್ಪವು ಅದಕ್ಕೆ ಸಮನಾಗಿರಬಹುದು, ಮೀರಬಾರದು. ತೂಕದ ಲೆಕ್ಕದಲ್ಲಿ ಹೇಳುವುದಾದರೆ, ಮರಿಹಾವಿನ ಮೈತೂಕದ ನೂರಕ್ಕೆ 10ರಿಂದ 15 ಭಾಗ.

ಈ ಲೆಕ್ಕವು ಹೊಲದ ಹಾವಿಗೆ ಬೇಕಾಗಿಲ್ಲ. ಬೇಕಾಗಿರುವುದು ಹಾವನ್ನು ಸಾಕಿದವರಿಗೆ. ಆದರೆ ನಾಗರ, ಕೇರೆ, ಎರಡು ತಲೆಯದೆಂಬ ಭ್ರಾಂತಿಯಿಂದಲೂ ನಿಧಿಯ ಆಸೆಯಿಂದಲೂ ಜನ ಮಾರುವ ಬಡಪಾಯಿ ಮಣ್ಣುಮುಕ್ಕ, ಇವಾವುದನ್ನೂ ಮನೆಯಲ್ಲಿಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅವಕಾಶ ಕೊಡುವುದಿಲ್ಲ. ವಿಜಯಪುರದಂತಹ ನಗರದಲ್ಲಿ ಯಾರಾದರೂ ಸಾಕುವುದಾದರೆ ಅದು ಪರದೇಶದ ಜಾತಿಯೇ ಆಗಿರಬೇಕು. ಆಫ್ರಿಕೆಯ ಬಾಲ್ ಪೈಥಾನ್‌ನಂತಹವನ್ನಾದರೆ ಕೇಂದ್ರ ಸರಕಾರದ 2024ರ ನಿಯಮಗಳಂತೆ ನೋಂದಾಯಿಸಬೇಕು. 60 ಗ್ರಾಂ ತೂಗುವ ಅದರ ಮರಿಗೆ 6ರಿಂದ 9 ಗ್ರಾಂ ತೂಕದ ಒಂದು ಚಿಟ್ಟಿಲಿ, ಆರೇಳು ದಿನಗಳಿಗೊಮ್ಮೆ, ಸಾಕು. ವರ್ಷ ತುಂಬಿದ ಮೇಲೆ ಹತ್ತು ಹದಿನಾಲ್ಕು ದಿನಗಳಿಗೊಮ್ಮೆ, ಪೂರ್ಣ ಬೆಳೆದ ಮೇಲೆ ಮೂರು ವಾರಗಳಿಗೊಮ್ಮೆ. ಜೀವಂತ ಇಲಿಯನ್ನು ಪೆಟ್ಟಿಗೆಯೊಳಗೆ ಬಿಡುವುದು ಕ್ರೌರ್ಯವಷ್ಟೇ ಅಲ್ಲ, ಅವಿವೇಕವೂ ಹೌದು. ಹಸಿದ ಇಲಿಯು ಹಾವನ್ನೇ ಕಡಿದು ಗಾಯಗೊಳಿಸಬಲ್ಲುದು. ಶೈತ್ಯದಲ್ಲಿಟ್ಟ ಇಲಿಯನ್ನು ಪೂರ್ತಿಯಾಗಿ ಕರಗಿಸಿ, ಬಿಸಿನೀರಿನಲ್ಲಿ ಮೈಬಿಸಿಗೆ ತಂದು, ಉದ್ದ ಚಿಮಟದಿಂದ ಹಿಡಿದು ಕೊಡುವುದೇ ಮೇಲು.

ಆಹಾರದ ವೇಳಾಪಟ್ಟಿಯನ್ನು ಪಂಚಾಂಗಕ್ಕಿಂತ ಬಿಸಿಲು ಹೆಚ್ಚಾಗಿ ನಿರ್ಧರಿಸುವುದು. ಹಾವಿಗೆ ತನ್ನದೇ ಆದ ಮೈಕಾವಿಲ್ಲ. ಜಠರದ ರಸಗಳು ಕೆಲಸಮಾಡಬೇಕಾದರೆ ಹೊರಗಿನ ಶಾಖವು ಬೇಕು. ನಮ್ಮಲ್ಲಿ ಪುಷ್ಯದ ರಾತ್ರಿಗಳು ಚಳಿಯಿಂದ ಕೊರೆಯುವಾಗ, ಪೆಟ್ಟಿಗೆಯ ಒಂದು ಬದಿಯನ್ನಾದರೂ 30 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿಡದೆ ತಿನ್ನಿಸಿದರೆ, ನುಂಗಿದ್ದು ಜೀರ್ಣವಾಗದೆ ಒಳಗೇ ಕೊಳೆತು, ಹಾವು ಅದನ್ನು ಕಕ್ಕಿಬಿಡುವುದು. ಕಕ್ಕಿದ ಮರಿಗೆ ಕರುಣೆಯಿಂದ ಮರುದಿನವೇ ಮತ್ತೆ ಉಣಿಸಲು ಹೋಗುವವರುಂಟು. ಹತ್ತು ಹನ್ನೆರಡು ದಿನ ನೀರನ್ನು ಮಾತ್ರ ಇಟ್ಟು ಸುಮ್ಮನಿದ್ದು, ಆಮೇಲೆ ಮೊದಲಿಗಿಂತ ಚಿಕ್ಕ ತುತ್ತನ್ನು ಕೊಡುವುದೇ ನಿಜವಾದ ಕರುಣೆ. ಉಂಡ ಮೇಲೆ ಎರಡು ದಿನ ಕೈಗೆತ್ತಿಕೊಳ್ಳಬಾರದು. ಕಣ್ಣು ಮಬ್ಬಾಗಿ ನೀಲಿಗೆ ತಿರುಗಿತೆಂದರೆ ಪೊರೆ ಬಿಡುವ ಕಾಲ ಸಮೀಪಿಸಿತೆಂದರ್ಥ. ಆಗ ಅದು ಉಣ್ಣದಿದ್ದರೆ ಗಾಬರಿಯಾಗಬೇಕಾದುದಿಲ್ಲ. ಹಸಿವಿನಿಂದ ಸತ್ತ ಸಾಕುಹಾವುಗಳಿಗಿಂತ ಒಡೆಯನ ಅತಿಪ್ರೀತಿಯಿಂದ ಕೊಬ್ಬಿ ಕೆಟ್ಟವೇ ಹೆಚ್ಚೆಂದು ನನ್ನ ಎಣಿಕೆ.

ಇನ್ನು ತಿಕೋಟೆಯ ಒಣದ್ರಾಕ್ಷಿಯ ಶೆಡ್ಡಿನಲ್ಲಿಯೋ ಬಬಲೇಶ್ವರದ ಕಣಿಕೆಯ ಬಣವೆಯ ಬುಡದಲ್ಲಿಯೋ ಮರಿಯೊಂದು ಕಾಣಿಸಿಕೊಂಡಾಗ ಅದನ್ನು ಮುಟ್ಟದೆ ದೂರ ನಿಂತು, ಅರಣ್ಯ ಇಲಾಖೆಯವರಿಗೋ ಬಲ್ಲ ಉರಗರಕ್ಷಕರಿಗೋ ತಿಳಿಸತಕ್ಕದ್ದು. ಅವರು ಹಿಡಿದು ಬೇರೆಡೆ ಬಿಡುವ ಮುನ್ನ ಅದಕ್ಕೆ ಏನನ್ನೂ ತಿನ್ನಿಸುವುದಿಲ್ಲ. ತುಂಬಿದ ಹೊಟ್ಟೆಯ ಹಾವು ಹಿಡಿದೊಯ್ಯುವ ಗಾಬರಿಯಲ್ಲಿ ಉಂಡದ್ದನ್ನೆಲ್ಲ ಕಕ್ಕಿ ನಿಶ್ಶಕ್ತವಾಗುವುದು.