ವಿದ್ಯಾರ್ಥಿಗಳ ಕೈಗೆ ಬಂದ ಗಣಕ

ದೂರದ ಊರಿನಿಂದ ಹಾಸಿಗೆ ಪೆಟ್ಟಿಗೆಗಳೊಡನೆ ಕಾಲೇಜಿನ ವಿದ್ಯಾರ್ಥಿನಿಲಯಕ್ಕೆ ಬಂದಿಳಿದ ಹುಡುಗನು ಮೊದಲ ದಿನ ಏನನ್ನು ವಿಚಾರಿಸುತ್ತಾನೆ? ಹಿಂದಿನ ಕಾಲದಲ್ಲಾದರೆ ಊಟದ ವೇಳೆ ಯಾವುದು, ಸ್ನಾನಕ್ಕೆ ಬಿಸಿನೀರು ಎಲ್ಲಿ ದೊರೆಯುತ್ತದೆ ಎಂಬ ಪ್ರಶ್ನೆಗಳು ಮೊದಲು ಬರುತ್ತಿದ್ದುವು. ಈಗ ಅವುಗಳಿಗಿಂತಲೂ ಮುಂಚೆ ನಿಸ್ತಂತು ಜಾಲದ ಗುಪ್ತಪದ ಯಾವುದೆಂದು ಅವನು ಕೇಳುತ್ತಾನೆ. ನೀರು ದೀಪಗಳಂತೆ ಗಣಕದ ಸಂಪರ್ಕವನ್ನೂ ಕಾಲೇಜು ಒದಗಿಸಿಯೇ ತೀರಬೇಕೆಂಬುದು ಅವನ ಎಣಿಕೆ. ಅದು ಕೆಟ್ಟಾಗ ಸರಿಪಡಿಸಿಕೊಡಲು ಜನರಿರಬೇಕೆಂಬುದೂ ಅಷ್ಟೇ ಸಹಜವಾಗಿ ಅವನಿಗೆ ತೋರುತ್ತದೆ.

ಆದರೆ ಒಂದು ಗಣಕದ ಬೆಲೆ ಲಕ್ಷಗಟ್ಟಲೆ ಡಾಲರುಗಳಾಗಿದ್ದ, ಅದರ ಬಳಿ ಸುಳಿಯಲು ಪ್ರಾಧ್ಯಾಪಕರಿಗೇ ಅಪ್ಪಣೆ ಬೇಕಾಗಿದ್ದ ಕಾಲವೊಂದಿದ್ದಿತು. ಅಂಥ ಕಾಲದಲ್ಲಿ, ವಿಜ್ಞಾನ ಓದುವವನಿರಲಿ, ಇತಿಹಾಸ ಓದುವ ಹುಡುಗನಿಗೂ ಗಣಕವು ಕೇಳಿದೊಡನೆ ದೊರೆಯಬೇಕೆಂದು ಇಬ್ಬರು ಗಣಿತಜ್ಞರು ಹಟ ಹಿಡಿದರು. ಅವರ ಕಾಲೇಜು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಎಂಬ ಸಣ್ಣ ಊರಿನಲ್ಲಿದೆ. 1769ರಲ್ಲಿ ಸ್ಥಾಪನೆಯಾದ ಅದರ ಹೆಸರು ಡಾರ್ಟ್‌ಮತ್.

ಇಬ್ಬರಲ್ಲಿ ಹಿರಿಯರಾದ ಜಾನ್ ಕೆಮೆನಿಯವರು 1926ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದು ನೆಲೆಸಿದವರು. ಪರಮಾಣು ಬಾಂಬು ಸಿದ್ಧವಾದ ಲಾಸ್ ಅಲಮೋಸಿನಲ್ಲಿ ಯುದ್ಧಕಾಲದಲ್ಲಿ ಲೆಕ್ಕ ಮಾಡಿದವರು. ಕೆಲಕಾಲ ಐನ್‌ಸ್ಟೈನರಿಗೆ ಗಣಿತದ ಸಹಾಯಕರಾಗಿದ್ದವರು. ಲಾಸ್ ಅಲಮೋಸಿನಲ್ಲಿ ಹಗಲಿರುಳು ವರ್ಷವೆಲ್ಲ ನಡೆದ ಲೆಕ್ಕವನ್ನು ತಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲನೆಂದು ಅವರು ಮುಂದೆ ಬರೆದರು. ಕಿರಿಯರಾದ ಥಾಮಸ್ ಕರ್ಟ್ಸ್ ಅವರು ಸಂಖ್ಯಾಶಾಸ್ತ್ರಜ್ಞರು. 1956ರಲ್ಲಿ ಡಾರ್ಟ್‌ಮತ್ತಿಗೆ ಬಂದರು.

ಆಗ ಕಾಲೇಜಿನಲ್ಲಿ ಗಣಕವಿರಲಿಲ್ಲ. ಹತ್ತಿರವೆಂದರೆ ಸುಮಾರು 200 ಕಿಲೋಮೀಟರು ದೂರದ ಎಂ.ಐ.ಟಿ. ಸಂಸ್ಥೆಯ ಗಣಕ. ಕರ್ಟ್ಸರು ತೂತು ಹೊಡೆದ ಕಾರ್ಡುಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಮುಂಜಾನೆಯ ರೈಲಿನಲ್ಲಿ ಬಾಸ್ಟನ್ ನಗರಕ್ಕೆ ಹೋಗುವರು. ಕಾರ್ಡುಗಳನ್ನು ಒಪ್ಪಿಸಿ, ಕಾದು, ಉತ್ತರದ ಕಾಗದವನ್ನು ತೆಗೆದುಕೊಂಡು ಸಂಜೆಗೆ ಮರಳುವರು. ಕಾರ್ಡೊಂದರಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ಪ್ರಯಾಣವೆಲ್ಲ ವ್ಯರ್ಥ. ತಿದ್ದಿಕೊಂಡು ಮತ್ತೆ ಎರಡು ವಾರ ಕಾಯಬೇಕು. ಒಂದು ಲೆಕ್ಕಕ್ಕಾಗಿ ಹೀಗೆ ತಿಂಗಳುಗಟ್ಟಲೆ ಓಡಾಡಿ ಸೋತ ಮೇಲೆ ಅವರು ಯಂತ್ರಕ್ಕೆ ಹತ್ತಿರವಾದ ಭಾಷೆಯನ್ನು ಬಿಟ್ಟು, ಮನುಷ್ಯನಿಗೆ ಹತ್ತಿರವಾದ ಫೋರ್ಟ್ರಾನ್ ಭಾಷೆಯಲ್ಲಿ ಅದೇ ಲೆಕ್ಕವನ್ನು ಬರೆದರು. ಯಂತ್ರದ ಕಾಲ ಐದು ನಿಮಿಷದಷ್ಟು ಮಾತ್ರ ಹಿಡಿಯಿತು. ಯಂತ್ರಕ್ಕೆ ಅನುಕೂಲವಾಗಲೆಂದು ಮನುಷ್ಯನು ಕಷ್ಟಪಟ್ಟರೆ ಯಂತ್ರಕ್ಕೂ ಲಾಭವಿಲ್ಲವೆಂಬುದು ಅವರಿಗೆ ಅಂದು ಮನದಟ್ಟಾಯಿತು.

1959ರಲ್ಲಿ ಕಾಲೇಜಿಗೆ ಎಲ್‌ಜಿಪಿ-30 ಎಂಬ ಸಣ್ಣ ಗಣಕ ಬಂದಿತು. ಬೀಗ ಹಾಕಿ ಕಾಯುವ ಬದಲು ಅದನ್ನು ಆಸಕ್ತಿಯುಳ್ಳ ಕೆಲವು ವಿದ್ಯಾರ್ಥಿಗಳ ಕೈಗೆ ಒಪ್ಪಿಸಿದರು. ಹುಡುಗರು, ವೃತ್ತಿಪರರು ಕೂಡ ಕಷ್ಟವೆನ್ನುತ್ತಿದ್ದ ಅನುವಾದಕ ಕ್ರಮವಿಧಿಗಳನ್ನು ಅದಕ್ಕಾಗಿ ಬರೆದುಬಿಟ್ಟರು. ಮುಂದಿನ ಕಥೆಗೆಲ್ಲ ಇದೇ ಬುನಾದಿ. ಕಾಲೇಜಿನ ವಿದ್ಯಾರ್ಥಿಗಳಲ್ಲಿ ಸುಮಾರು ಕಾಲು ಭಾಗದವರು ಮಾತ್ರ ವಿಜ್ಞಾನವನ್ನೋ ಎಂಜಿನಿಯರಿಂಗನ್ನೋ ಆರಿಸಿಕೊಳ್ಳುತ್ತಿದ್ದರು. ಉಳಿದ ಮುಕ್ಕಾಲು ಜನ ಮುಂದೆ ವಕೀಲರು, ವ್ಯಾಪಾರಿಗಳು, ಅಧಿಕಾರಿಗಳು ಆಗತಕ್ಕವರು. ಗಣಕದ ಬಗೆಗೆ ಲೋಕದಲ್ಲಿ ನಿರ್ಣಯ ಮಾಡುವವರು ಇವರೇ ಆಗಿರುವಲ್ಲಿ ಇವರಿಗೆ ಅದರ ಸ್ವಭಾವವೇ ತಿಳಿಯದಿದ್ದರೆ ಹೇಗೆಂಬುದು ಕೆಮೆನಿ ಮತ್ತು ಕರ್ಟ್ಸರ ಚಿಂತೆ. ಬರಿಯ ಉಪನ್ಯಾಸದಿಂದ ಅದು ತಿಳಿಯಲಾರದು. ನೀರಿಗಿಳಿಯದೆ ಈಜು ಬರುವುದುಂಟೆ?

ಆದರೆ ಸಾವಿರಾರು ಹುಡುಗರು, ಒಂದೇ ಗಣಕ. ಪರಿಹಾರವಾಗಿ ಬಂದುದು ಕಾಲಹಂಚಿಕೆ ಎಂಬ ಉಪಾಯ. ಅದನ್ನು ಕರ್ಟ್ಸರಿಗೆ ಸೂಚಿಸಿದವರು ಎಂ.ಐ.ಟಿ.ಯ ಜಾನ್ ಮೆಕಾರ್ಥಿಯವರು.

ನಮ್ಮ ಮದುವೆ ಮನೆಯ ಪಂಕ್ತಿಯನ್ನು ಓದುಗರು ನೆನೆಯಬೇಕು. ಐವತ್ತು ಎಲೆ ಹಾಕಿದೆ. ಸಾರು ಬಡಿಸುವವನು ಒಬ್ಬನೇ. ಒಬ್ಬನು ಉಂಡು ಏಳುವವರೆಗೆ ಅವನ ಎದುರಿಗೇ ಸೌಟು ಹಿಡಿದು ನಿಂತರೆ ಉಳಿದ ನಲವತ್ತೊಂಬತ್ತು ಮಂದಿ ಹಸಿದೇ ಇರುವರು. ಹಾಗಲ್ಲದೆ ಒಂದೊಂದು ಸೌಟು ಹಾಕುತ್ತ ಸಾಗಿದರೆ, ಮೊದಲಿನವನು ಅನ್ನ ಕಲಸಿ ಉಣ್ಣುವಷ್ಟರಲ್ಲಿ ಬಡಿಸುವವನು ಸುತ್ತು ಮುಗಿಸಿ ಮರಳಿ ಬಂದಿರುತ್ತಾನೆ. ಪ್ರತಿಯೊಬ್ಬನಿಗೂ ಅವನು ತನಗಾಗಿಯೇ ನಿಂತಿರುವಂತೆ ತೋರುತ್ತದೆ. ಗಣಕದ ಮುಂದೆ ಕುಳಿತ ಮನುಷ್ಯನು ಉಣ್ಣುವವನಿಗಿಂತಲೂ ನಿಧಾನಿ. ಅಂದಿನ ದೂರಮುದ್ರಕ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರಗಳನ್ನು ಒತ್ತಬಲ್ಲದಾಗಿದ್ದಿತು. ಹೊಸದಾಗಿ ಕಲಿತವನ ಬೆರಳು ಸೆಕೆಂಡಿಗೆ ಎರಡು ಅಕ್ಷರವನ್ನು ಒತ್ತಿದರೆ ಹೆಚ್ಚು. ನಡುವೆ ತಲೆ ಕೆರೆದುಕೊಳ್ಳುವ ಕಾಲ ಬೇರೆ. ಗಣಕವಾದರೋ ಅದೇ ಒಂದು ಸೆಕೆಂಡಿನಲ್ಲಿ ಹತ್ತಾರು ಸಾವಿರ ಸಂಕಲನಗಳನ್ನು ಮಾಡಬಲ್ಲುದು.

ಡಾರ್ಟ್‌ಮತ್ತಿನವರು ಈ ಕೆಲಸವನ್ನು ಎರಡು ಯಂತ್ರಗಳಿಗೆ ಹಂಚಿದರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಡೇಟಾನೆಟ್-30 ಎಂಬುದು ಕಿವಿ. ಎಲ್ಲ ದೂರಮುದ್ರಕಗಳಿಂದ ಬರುವ ಅಕ್ಷರಗಳನ್ನು ಅದು ಒಂದೊಂದಾಗಿ ಆಲಿಸಿ ಕೂಡಿಡುತ್ತಿದ್ದಿತು. ಅದೇ ಕಂಪನಿಯ ಜಿಇ-225 ಮಿದುಳು. ಇದರ ಸ್ಥಾನಕ್ಕೆ ಬೇಗನೆ ಜಿಇ-235 ಬಂದಿತು. ಇವೆರಡರ ನಡುವೆ ಇಬ್ಬರೂ ಓದಿ ಬರೆಯಬಲ್ಲ ಕಾಂತತಟ್ಟೆ. ಒಬ್ಬನು ‘ರನ್’ ಎಂದು ಒತ್ತಿದೊಡನೆ ಅವನ ಕ್ರಮವಿಧಿ ತಟ್ಟೆಯಿಂದ ಮಿದುಳಿಗೆ ಏರುವುದು. ಕೆಲವೇ ಸೆಕೆಂಡುಗಳ ಅವಧಿಯೊಳಗೆ ಲೆಕ್ಕ ಮುಗಿದರೆ ಸರಿ. ಮುಗಿಯದಿದ್ದರೆ ಆಗಿರುವಷ್ಟನ್ನು ತಟ್ಟೆಯ ಮೇಲೆ ಇಳಿಸಿ, ಅದನ್ನು ಸಾಲಿನ ಕೊನೆಗೆ ಕಳಿಸಿ, ಮುಂದಿನವನನ್ನು ಕರೆಯುವುದು. ದೊಡ್ಡ ಲೆಕ್ಕದವನು ಸ್ವಲ್ಪ ತಡೆಯಬೇಕು. ಸಣ್ಣ ಲೆಕ್ಕದವನಿಗೆ ಉತ್ತರ ತತ್‌ಕ್ಷಣ. ಕಲಿಯುವವನ ಲೆಕ್ಕ ಸಣ್ಣದೇ ಆಗಿರುವುದಷ್ಟೆ! ಈ ಪಕ್ಷಪಾತವನ್ನು ಬೇಕೆಂದೇ ಇಟ್ಟಿದ್ದರು.

ಈ ವ್ಯವಸ್ಥೆಯ ಕ್ರಮವಿಧಿಗಳನ್ನು ಬರೆದವರು ಬಹುಮಟ್ಟಿಗೆ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು. ಧನಸಹಾಯ ಕೇಳಿದಾಗ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಪರಿಶೀಲಕರು, ಇಷ್ಟು ಜಟಿಲವಾದ ಕೆಲಸವನ್ನು ಪದವಿ ಪಡೆಯದ ಹುಡುಗರು ಮಾಡಿಯಾರೆ ಎಂದು ಶಂಕಿಸಿದ್ದರು. ಹಣವೇನೋ ದೊರೆಯಿತು. ಯಂತ್ರಗಳು 1964ರ ಫೆಬ್ರವರಿಯ ಹೊತ್ತಿಗೆ ಬಂದುವು. ಮೈಕೆಲ್ ಬುಷ್, ಜಾನ್ ಮ್ಯಾಕ್‌ಗೀಚಿ ಎಂಬ ವಿದ್ಯಾರ್ಥಿಗಳು ಎರಡು ಯಂತ್ರಗಳನ್ನೂ ಮಾತಿಗೆ ಹಚ್ಚಿದರು. ಕೆಮೆನಿಯವರು ಭಾಷೆಯ ಅನುವಾದಕವನ್ನು ರೂಪಿಸಿದರು. ಆ ವರ್ಷ ಮೇ 1ರ ನಸುಕಿನಲ್ಲಿ, ಸುಮಾರು ನಾಲ್ಕು ಗಂಟೆಗೆ, ಎರಡು ದೂರಮುದ್ರಕಗಳಿಂದ ಕಳಿಸಿದ ಎರಡು ಕ್ರಮವಿಧಿಗಳು ಒಮ್ಮೆಗೇ ಓಡಿ, ಎರಡಕ್ಕೂ ಸರಿಯುತ್ತರ ಬಂದಿತು.

ಆ ಕ್ರಮವಿಧಿಗಳ ಭಾಷೆಯೇ ಬೇಸಿಕ್. ಆರಂಭಿಗರ ಸರ್ವೋಪಯೋಗಿ ಸಂಕೇತಭಾಷೆ ಎಂಬ ಅರ್ಥ ಕೊಡುವ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಅದಕ್ಕೆ ಆ ಹೆಸರು. ಲೆಟ್, ಪ್ರಿಂಟ್, ಇಫ್ ಮುಂತಾಗಿ ಬೆರಳೆಣಿಕೆಗೆ ಸ್ವಲ್ಪ ಮೀರಿದಷ್ಟೇ ಆಜ್ಞೆಗಳು. ಯಂತ್ರದೊಡನೆ ಸಂಪರ್ಕ ಪಡೆಯಲು ಬೇರೆಡೆಗಳಲ್ಲಿದ್ದ ‘ಲಾಗ್ ಆನ್’ ಎಂಬ ಒರಟು ಮಾತನ್ನು ಬಿಟ್ಟು ‘ಹೆಲೊ’ ಎಂದಿಟ್ಟರು, ಹೊರಡುವಾಗ ‘ಗುಡ್‌ಬೈ’. ಇದು ಮಕ್ಕಳಾಟವೆಂದು ಕೆಲವರಿಗೆ ತೋರಬಹುದು. ನಮಗಾದರೋ ಇಡೀ ಯೋಜನೆಯ ಮನೋಧರ್ಮ ಆ ಎರಡು ಮಾತುಗಳಲ್ಲಿ ಕಾಣುತ್ತದೆ. ತಪ್ಪು ಮಾಡಿದಾಗ ಯಂತ್ರವು ಒತ್ತುವ ಸೂಚನೆಯೂ ಸಂಕೇತಸಂಖ್ಯೆಯಾಗಿರದೆ, ಯಾವ ಸಾಲಿನಲ್ಲಿ ಏನು ತಪ್ಪೆಂದು ತಿಳಿಮಾತಿನಲ್ಲಿ ಇರಬೇಕೆಂದು ಅವರು ನಿಯಮ ಮಾಡಿಕೊಂಡರು.

1964ರ ಶರತ್ಕಾಲದಿಂದ ಮೊದಲ ವರ್ಷದ ಗಣಿತದ ತರಗತಿಗಳಿಗೆ ಇದನ್ನು ಸೇರಿಸಿದರು. ಕೆಲವೇ ಉಪನ್ಯಾಸಗಳು; ಅನಂತರ ಮೂರು ನಾಲ್ಕು ಕ್ರಮವಿಧಿಗಳನ್ನು ಹುಡುಗರು ತಾವೇ ಬರೆದು ಸರಿಪಡಿಸಬೇಕು. ಹೊಸದಾಗಿ ಸೇರುವ ವಿದ್ಯಾರ್ಥಿಗಳಲ್ಲಿ ಶೇಕಡ 80ರಷ್ಟು ಮಂದಿ ಗಣಕವನ್ನು ಬಳಸಲು ಕಲಿತಿದ್ದಾರೆಂದು 1968ರಲ್ಲಿ ಕೆಮೆನಿ ಮತ್ತು ಕರ್ಟ್ಸರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆಯುವಂತಾಯಿತು. ಅಷ್ಟರಲ್ಲಿ, 1966ರ ಕೊನೆಗೆ, ಗಣಕಕ್ಕೆಂದೇ ಕೀವಿಟ್ ಕೇಂದ್ರವೆಂಬ ಕಟ್ಟಡ ಎದ್ದಿದ್ದಿತು. ಸಾಲು ದೂರಮುದ್ರಕಗಳ ಕಟಕಟ ಸದ್ದಿನ ನಡುವೆ ಹುಡುಗರು ತಡರಾತ್ರಿಯವರೆಗೆ ಕುಳಿತಿರುತ್ತಿದ್ದರು. ಸಿಕ್ಕಿಬಿದ್ದವನ ನೆರವಿಗೆ ಬರುತ್ತಿದ್ದ ಸಹಾಯಕರೂ ವಿದ್ಯಾರ್ಥಿಗಳೇ.

ಗಣಕದ ಕಾಲಕ್ಕೆ ವಿದ್ಯಾರ್ಥಿಯಿಂದ ಹಣ ಕೇಳುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಕಪಾಟುಗಳು ತೆರೆದಿದ್ದರೆ ಓದುಗನು ಯಾವ ಪುಸ್ತಕವನ್ನು ಏಕೆ ತೆಗೆದನೆಂದು ಯಾರೂ ಕೇಳುವುದಿಲ್ಲ. ಗಣಕಕ್ಕೂ ಅದೇ ನ್ಯಾಯವೆಂಬುದು ಕೆಮೆನಿಯವರ ವಾದ. ಹುಡುಗರು ಆಟಗಳನ್ನೂ ಬರೆದು ಆಡಿದರು. 1965ರಲ್ಲಿ ಡಾರ್ಟ್‌ಮತ್ ತಂಡವು ಪ್ರಿನ್ಸ್‌ಟನ್ ತಂಡವನ್ನು ಸೋಲಿಸಿದ ಸಂಭ್ರಮದಲ್ಲಿ ಅಮೆರಿಕನ್ ಫುಟ್‌ಬಾಲಿನ ಕ್ರಮವಿಧಿಯೊಂದು ಹುಟ್ಟಿತು. ಅದರ ಕರ್ತೃ ಕೆಮೆನಿಯವರೇ ಎಂದು ಪ್ರತೀತಿ. ಆಟವಾಡಲು ಬಂದವನ ಭಯ ಕಳೆಯುತ್ತದೆ, ನಾಳೆ ಅವನೇ ಲೆಕ್ಕಕ್ಕೂ ಬರುತ್ತಾನೆ ಎಂಬುದು ಅವರ ನಂಬಿಕೆ.

ಇಲ್ಲಿ ನಮ್ಮದೊಂದು ನೆನಪನ್ನು ಹೇಳದೆ ಮುಂದುವರಿಯಲಾರೆವು. ನಾವು ಓದಿದ ಕಾಲೇಜಿನಲ್ಲಿ ಗಣಕದ ಕೋಣೆಯ ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ದೇವರ ಮನೆಗೆ ಹೋಗುವಂತೆ ಒಳಹೋಗಬೇಕಾಗಿದ್ದಿತು. ವಾರಕ್ಕೊಂದು ಗಂಟೆ, ಇಬ್ಬರಿಗೆ ಒಂದು ಯಂತ್ರ, ಐದಕ್ಕೆ ಬೀಗ. ನಿಲಯದಲ್ಲಿ ರಾತ್ರಿ ಹೊಳೆದ ಉಪಾಯವನ್ನು ಪರೀಕ್ಷಿಸಲು ಮುಂದಿನ ವಾರದವರೆಗೆ ಕಾಯುವಷ್ಟರಲ್ಲಿ ಉತ್ಸಾಹವೇ ಆರಿಹೋಗುತ್ತಿದ್ದಿತು. ತಪ್ಪು ಮಾಡಿದರೆ ಯಂತ್ರ ಕೆಟ್ಟೀತೆಂಬ ಗದರಿಕೆ ಬೇರೆ. ಹೀಗಾಗಿ ನಾವು ತಪ್ಪನ್ನೇ ಮಾಡದೆ, ಹಲಗೆಯ ಮೇಲೆ ಬರೆದುದನ್ನು ಅಕ್ಷರ ಬಿಡದೆ ಒತ್ತಿ, ಏನನ್ನೂ ಕಲಿಯದೆ ಹೊರಬಂದೆವು. ವಿಚಿತ್ರವೆಂದರೆ ಆಗ ಒತ್ತಿದ ಭಾಷೆ ಬೇಸಿಕ್ಕೇ! 1970ರ ದಶಕದ ಕಿರುಗಣಕಗಳೊಡನೆ ಅದು ಲೋಕವೆಲ್ಲ ಹರಡಿತು. 1984ರಲ್ಲಿ ಭಾರತ ಸರಕಾರವು ಶಾಲೆಗಳಿಗಾಗಿ ಆರಂಭಿಸಿದ ‘ಕ್ಲಾಸ್’ ಯೋಜನೆಯ ಬಿಬಿಸಿ ಮೈಕ್ರೊ ಗಣಕಗಳಲ್ಲಿಯೂ ಅದರದೇ ಒಂದು ರೂಪ ಬಂದಿತು. ಭಾಷೆ ಬಂದಿತು, ತೆರೆದ ಬಾಗಿಲು ಅದರೊಡನೆ ಬರಲಿಲ್ಲ.

ಡಾರ್ಟ್‌ಮತ್ತಿನ ಬಾಗಿಲೂ ಎಲ್ಲರಿಗೆ ತೆರೆದಿರಲಿಲ್ಲವೆಂಬುದನ್ನು ಮರೆಯಬಾರದು. ಅದು ಗಂಡುಮಕ್ಕಳ ಕಾಲೇಜು. ವಿದ್ಯಾರ್ಥಿನಿಯರಿಗೆ ಪದವಿ ತರಗತಿಗಳಲ್ಲಿ ಸಮಾನ ಪ್ರವೇಶ ದೊರೆತುದು 1972ರಲ್ಲಿ. ಅದಕ್ಕೆ ಮೊದಲೇ ಮೌಂಟ್ ಹೋಲ್ಯೋಕ್ ಎಂಬ ಮಹಿಳಾ ಕಾಲೇಜಿನ ಹುಡುಗಿಯರು ದೂರವಾಣಿಯ ತಂತಿಯ ಮೂಲಕ ಅದೇ ಗಣಕವನ್ನು ಬಳಸಿದ್ದರು. ಕಾಲೇಜಿನ ಬಾಗಿಲಿಗಿಂತ ಮುಂಚೆ ಗಣಕದ ಬಾಗಿಲು ತೆರೆದಂತಾಯಿತು! 1970ರಿಂದ 1981ರವರೆಗೆ ಕಾಲೇಜಿನ ಅಧ್ಯಕ್ಷರಾಗಿದ್ದವರು ಕೆಮೆನಿಯವರೇ. ಆ ಹುದ್ದೆಯಲ್ಲಿದ್ದಾಗಲೂ ಅವರು ಪಾಠ ಮಾಡುವುದನ್ನು ಬಿಡಲಿಲ್ಲ.

ಗಣಕವು ವಿದ್ಯಾರ್ಥಿಯ ಕೋಣೆಯೊಳಗೇ ಕಾಲಿಟ್ಟುದು 1984ರಲ್ಲಿ. ಆ ವರ್ಷ ಮಾರುಕಟ್ಟೆಗೆ ಬಂದ ಮ್ಯಾಕಿಂಟಾಷ್ ಗಣಕವನ್ನು ಕೊಳ್ಳುವಂತೆ ಹೊಸ ವಿದ್ಯಾರ್ಥಿಗಳಿಗೆ ಕಾಲೇಜು ಸಲಹೆ ಮಾಡಿತು. ನಿಲಯಗಳ ಕೋಣೆಗಳಿಗೆ ಜಾಲದ ತಂತಿ ಎಳೆಯಿತು. 1988ರಲ್ಲಿ ಬ್ಲಿಟ್ಸ್‌ಮೇಲ್ ಎಂಬ ಪತ್ರವ್ಯವಸ್ಥೆ ಅಲ್ಲಿಯೇ ರೂಪುಗೊಂಡು, ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಊಟಕ್ಕೆ ಕರೆಯುವುದಕ್ಕೂ ಹುಡುಗರು ‘ಬ್ಲಿಟ್ಸ್ ಮಾಡು’ ಎನ್ನುತ್ತಿದ್ದರು. 2001ರಲ್ಲಿ ಇಡೀ ಆವರಣಕ್ಕೆ ನಿಸ್ತಂತು ಜಾಲ ಹಬ್ಬಿತು.

ಯಂತ್ರವು ಕೋಣೆಗೆ ಬಂದ ಮೇಲೆ ಸೇವೆಯ ಸ್ವರೂಪ ಬದಲಾಯಿತು. ಮರೆತ ಗುಪ್ತಪದ, ಸಿಗದ ಜಾಲ, ಕಳೆದುಹೋದ ಕಡತ ಇವೇ ಈಗ ಸಹಾಯದ ಮೇಜಿಗೆ ಬರುವ ದೂರುಗಳು. ಇವೇನೂ ಕ್ಷುಲ್ಲಕವಲ್ಲ, ನಾಳೆ ಒಪ್ಪಿಸಬೇಕಾದ ಪ್ರಬಂಧವು ಇಂದು ರಾತ್ರಿ ತೆರೆಯದಿದ್ದರೆ ಹುಡುಗನ ಪಾಡೇನು! ಆದರೆ ಪಕ್ಕದ ಯಂತ್ರದವನು ಬಗ್ಗಿ ನೋಡಿ, ಮೂವತ್ತನೆಯ ಸಾಲಿನಲ್ಲಿ ತಪ್ಪಿದೆ ಎಂದು ತೋರಿಸಿಕೊಡುತ್ತಿದ್ದ ಆ ಗದ್ದಲದ ಕೋಣೆಗೆ ಬದಲು ಯಾವುದೆಂಬುದನ್ನು ಯಾವ ಕಾಲೇಜೂ ಇನ್ನೂ ಸರಿಯಾಗಿ ಕಂಡುಕೊಂಡಂತೆ ನಮಗೆ ತೋರದು.

ಕೆಮೆನಿಯವರು 1992ರಲ್ಲಿ ತೀರಿಕೊಂಡರು. ಕರ್ಟ್ಸರು 96 ವರ್ಷ ಬದುಕಿ 2024ರ ನವೆಂಬರಿನಲ್ಲಿ. ಕೀವಿಟ್ ಕೇಂದ್ರದ ಕಟ್ಟಡವೂ ಈಗ ಇಲ್ಲ. 2000ದ ಸುಮಾರಿಗೆ ಅದನ್ನು ಕೆಡವಿ, ಕಾಲೇಜಿನ ಗ್ರಂಥಾಲಯವನ್ನು ವಿಸ್ತರಿಸಿದರು.