ಆಗುಂಬೆಯ ಮಂಜೂ ಅಡಿಕೆಯ ತೋಟವೂ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಘಟ್ಟದ ಅಂಚಿನ ಮೇಲೆ ಆಗುಂಬೆ ಗ್ರಾಮವಿರುವುದು. ಇಲ್ಲಿಂದ ಸೋಮೇಶ್ವರದ ಕಡೆಗೆ ಇಳಿಯುವ ಘಟ್ಟದ ದಾರಿಯಲ್ಲಿ ಸೂರ್ಯಾಸ್ತವನ್ನು ನೋಡತಕ್ಕ ಸ್ಥಳವೊಂದುಂಟು. ಆಕಾಶವು ನಿರ್ಮಲವಾಗಿರುವ ದಿನಗಳಲ್ಲಿ ಅಲ್ಲಿ ನಿಂತವರಿಗೆ ಪಶ್ಚಿಮ ಸಮುದ್ರವು ಕಾಣುವುದು. ಮಳೆಗಾಲದಲ್ಲಾದರೋ ಎದುರಿಗೆ ಬರಿಯ ಮಂಜು. ಕಡಲಿನಿಂದ ಬೀಸುವ ತೇವದ ಗಾಳಿಯು ಘಟ್ಟವನ್ನೇರುತ್ತ ತಣಿದು ಮಂಜೂ ಮಳೆಯೂ ಆಗುವುದರಿಂದ, ಇಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವುದು.

ಯಾತ್ರಿಕರಿಗೆ ಮನೋಹರವಾದ ಈ ಮಂಜೇ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಭಯಕ್ಕೆ ಕಾರಣವಾಗಿರುವುದು. ಬಿಸಿಲು ಕಾಣದೆ ಗೊನೆಗಳು ಹಗಲಿರುಳೂ ಒದ್ದೆಯಾಗಿದ್ದರೆ ಕೊಳೆರೋಗವು ತಲೆದೋರುವುದು. ಮೊದಲು ಕಾಯಿಯ ತೊಟ್ಟಿನ ಬಳಿಯಲ್ಲಿ ನೀರು ಹೀರಿದಂತಹ ಕಲೆಯುಂಟಾಗುವುದು; ಬಳಿಕ ಬಿಳಿಯ ಬೂಷ್ಟು ಹರಡಿ, ಎಳೆಗಾಯಿಗಳು ರಾಶಿರಾಶಿಯಾಗಿ ಉದುರುವುವು. ರೋಗವು ಸುಳಿಗೆ ತಗುಲಿದರೆ ಮರವೇ ಸಾಯುವುದು.

ಪೂರ್ವಿಕರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ವಿವರವಾಗಿ ಪರಿಶೋಧಿಸಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವು ಆ ಕಾಲದಿಂದ ತೋಟಗಳಲ್ಲಿ ಬಳಕೆಗೆ ಬಂದಿತು.

1 ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, 1 ಕಿಲೋಗ್ರಾಂ ಒಳ್ಳೆಯ ಸುಣ್ಣವನ್ನು ಮತ್ತೆ 50 ಲೀಟರು ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯತಕ್ಕದ್ದು. ತುತ್ತಕ್ಕೆ ಕಬ್ಬಿಣದ ಪಾತ್ರೆಯು ಕೂಡದು. ಶುಭ್ರವಾದ ಚೂರಿಯನ್ನು ದ್ರಾವಣದಲ್ಲಿ ಅದ್ದಿದಾಗ ತಾಮ್ರದ ಬಣ್ಣವು ಹತ್ತಿದರೆ ಇನ್ನಷ್ಟು ಸುಣ್ಣವನ್ನು ಸೇರಿಸಬೇಕು. ದ್ರಾವಣವನ್ನು ಮಾಡಿದ ದಿನವೇ ಉಪಯೋಗಿಸತಕ್ಕದ್ದು. ಮುಂಗಾರು ಹಿಡಿಯುವುದಕ್ಕೆ ಮುಂಚೆ ಒಂದಾವರ್ತಿಯೂ, 40-45 ದಿನಗಳ ತರುವಾಯ ಮಳೆಯು ಬಿಡುವು ಕೊಟ್ಟಾಗ ಇನ್ನೊಂದಾವರ್ತಿಯೂ ಗೊನೆಗಳೆಲ್ಲ ನೆನೆಯುವಂತೆ ಹೊಡೆಯಿಸಬೇಕು. ಉದುರಿದ ಕಾಯಿಗಳನ್ನು ತೋಟದಲ್ಲಿ ಬಿಡದೆ ಆರಿಸಿ ನಾಶಪಡಿಸುವುದೂ ಅವಶ್ಯಕ.

ಆದರೆ ಒಬ್ಬರು ಮಾತ್ರವೇ ಜಾಗರೂಕರಾಗಿದ್ದರೆ ಸಾಲದು. ಮಲೆನಾಡಿನ ಕಣಿವೆಗಳಲ್ಲಿ ತೋಟಗಳು ಒಂದಕ್ಕೊಂದು ತಗುಲಿಕೊಂಡಿರುವುವು. ಗಾಳಿಯೂ ಮಳೆಹನಿಯೂ ರೋಗದ ಬೀಜವನ್ನು ಒಯ್ಯುವಾಗ ಬೇಲಿಯನ್ನು ನೋಡುವುದಿಲ್ಲ. ಮರವೇರುವ ಕೊನೆಗಾರರು ಕೆಲವರೇ. ಮಳೆ ಹತ್ತಿರವಾದಾಗ ಎಲ್ಲರಿಗೂ ಅವರೇ ಬೇಕಾಗುವರು. ಆದಕಾರಣ ಗ್ರಾಮದ ಮುಖಂಡರು ಮೇ ತಿಂಗಳಿನಲ್ಲಿಯೇ ತೋಟದವರನ್ನೆಲ್ಲ ಸೇರಿಸಿ, ಮೈಲುತುತ್ತವನ್ನು ಒಟ್ಟಾಗಿ ತರಿಸಿ, ಕೊನೆಗಾರರ ಸರದಿಯನ್ನು ಗೊತ್ತುಮಾಡುವುದು ಯುಕ್ತ. ಸರದಿಯಲ್ಲಿ ಸಣ್ಣ ಹಿಡುವಳಿದಾರರ ತೋಟವು ಹಿಂದೆ ಬೀಳದಂತೆ ದೊಡ್ಡ ಜಮೀನುದಾರರು ನೋಡಿಕೊಂಡಲ್ಲಿ, ಅದರಿಂದ ರಕ್ಷಣೆಯು ಅವರ ತೋಟಕ್ಕೂ ಆಗುವುದು.